ನಮ್ಮ ಮನೆಯ ನೀರಿನ ಲೆಕ್ಕ

(ಉಣಕಲ್ಲಿನಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಯಾವನಾದರೂ ಹಿಂದುಮುಂದು ನೋಡದೆ ದುಡ್ಡು ಹಾಳು ಮಾಡಿದರೆ, "ನೀರಿನಂತೆ ಖರ್ಚು ಮಾಡಿದ" ಎಂದು ನಾವು ಅನ್ನುತ್ತೇವೆ. ಈ ಮಾತು ಹುಟ್ಟಿದ ಕಾಲಕ್ಕೆ ನೀರಿಗೆ ಬೆಲೆ ಇರಲಿಲ್ಲ. ಕೆರೆಗೆ ಹೋದವರು ಕೊಡ ತುಂಬಿಕೊಂಡು ಬರುತ್ತಿದ್ದರು. ಕೊಟ್ಟದ್ದು ಮೈಬೆವರು ಮಾತ್ರ. ಇಂದು ಅದೇ ನೀರು ನಳದಲ್ಲಿ ಬರುತ್ತದೆ, ಅದರ ಹಿಂದೆ ಬಿಲ್ಲೂ ಬರುತ್ತದೆ. ಆದ್ದರಿಂದ ಈಗ ನೀರನ್ನು ದುಡ್ಡಿನಂತೆ ಖರ್ಚು ಮಾಡುವ ಕಾಲ ಬಂದಿದೆ. ಹಾಗೆ ಖರ್ಚು ಮಾಡಬೇಕಾದರೆ ಮೊದಲು ಅದರ ಲೆಕ್ಕ ಇಡಬೇಕು. ಈ ಹೊತ್ತು ನಾವು ಮಾತಾಡಬೇಕೆಂದಿರುವುದು ಆ ಲೆಕ್ಕದ ಬಗ್ಗೆ.

ನಾವು ಕೂತಿರುವ ಊರನ್ನೇ ನೋಡಿರಿ. ಉಣಕಲ್ಲು ಕೆರೆಯ ದಂಡೆಯ ಮೇಲಿನ ಊರು. ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇಲ್ಲಿದೆ. ಒಂದು ಕಾಲಕ್ಕೆ ಹುಬ್ಬಳ್ಳಿಯ ಪೇಟೆಗೆ ಕುಡಿಯುವ ನೀರು ಹೋದದ್ದು ಈ ಕೆರೆಯಿಂದಲೇ. ಪೇಟೆ ಬೆಳೆಯಿತು, ಕೆರೆ ಸಾಲದಾಯಿತು. 1950ರ ದಶಕದಲ್ಲಿ ಬೇಡ್ತಿ ಹಳ್ಳಕ್ಕೆ ಅಡ್ಡಕಟ್ಟಿದ ನೀರಸಾಗರ ಬಂತು. ಅದೂ ಮಳೆಯನ್ನೇ ನಂಬಿದ ಜಲಾಶಯ. 1962ರಲ್ಲಿ ಹುಬ್ಬಳ್ಳಿ ಧಾರವಾಡ ಎರಡೂ ಕೂಡಿ ಒಂದೇ ಮಹಾನಗರ ಪಾಲಿಕೆಯಾದವು. ಮುಂದೆ ಸವದತ್ತಿಯ ಹತ್ತಿರದ ನವಿಲುತೀರ್ಥದಿಂದ ಮಲಪ್ರಭೆಯ ನೀರನ್ನು ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ, ಕೊಳವೆಗಳಲ್ಲಿ ಇಲ್ಲಿಯವರೆಗೆ ತರಬೇಕಾಯಿತು. ಮನೆಯ ಮುಂದಿನ ಕೆರೆಗೆ ಬಡಾವಣೆಗಳ ಹೊಲಸು ನೀರು ಸೇರಿ ಅಂತರಗಂಗೆ ಹಬ್ಬಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಹತ್ತಿರದ ನೀರನ್ನು ಕೆಡಿಸಿದವರು ದೂರದ ನೀರಿಗೆ ದುಡ್ಡು ತೆರಬೇಕಾಗುತ್ತದೆ. ಪಂಪಿನ ವಿದ್ಯುತ್ತು, ಶುದ್ಧಿಯ ಖರ್ಚು, ಕೊಳವೆಯ ಖರ್ಚು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ನಮ್ಮ ನಿಮ್ಮ ಬಿಲ್ಲಿನಲ್ಲಿ.

ಇನ್ನು ಬಿಲ್ಲಿಗೆ ಬರೋಣ. ಅನೇಕರು ಬಿಲ್ಲಿನ ಕೊನೆಯ ಸಾಲನ್ನಷ್ಟೇ ಓದಿ, ದುಡ್ಡು ಕಟ್ಟಿ, ಕಾಗದವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸುತ್ತಾರೆ. ಹಾಗೆ ಮಾಡತಕ್ಕದ್ದಲ್ಲ. ನಮ್ಮಲ್ಲಿ ನಿರಂತರ ನೀರಿನ ಯೋಜನೆಯನ್ನು ವಿಶ್ವಬ್ಯಾಂಕಿನ ಸಾಲದಿಂದ ಮೊದಲು ಕೆಲವು ವಾರ್ಡುಗಳಲ್ಲಿ ಪ್ರಯೋಗವಾಗಿ ಮಾಡಿದರು. ಬೆಳಗಾವಿ, ಕಲಬುರ್ಗಿಗಳಲ್ಲೂ ಹಾಗೆಯೇ ಆಯಿತು. 2008ರಲ್ಲಿ ಆ ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸೂ ನೀರು ಬಂತು, ಜೊತೆಗೆ ಮೀಟರೂ ಬಂತು. ಮೀಟರಿನ ದರ ಹಂತಹಂತದ್ದು. ತಿಂಗಳಿಗೆ 8,000 ಲೀಟರಿನ ತನಕ ಒಂದು ದರ, ಅಲ್ಲಿಂದ 15,000ದ ತನಕ ಅದಕ್ಕಿಂತ ಹೆಚ್ಚು, 25,000ದ ತನಕ ಮತ್ತೂ ಹೆಚ್ಚು, ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು. ಹಂತ ದಾಟಿದ ಲೀಟರುಗಳಿಗೆ ಮೇಲಿನ ಹಂತದ ದರ ಬೀಳುತ್ತದೆ. ಕೆಳಗಿನ ಹಂತಕ್ಕೆ ಒಂದು ಕನಿಷ್ಠ ಮೊತ್ತವಿದೆ. ಎಷ್ಟು ಕಡಿಮೆ ಬಳಸಿದರೂ ಅದನ್ನು ಕಟ್ಟಲೇಬೇಕು.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಹಂತದ ಗಡಿಯ ಆಚೆ ಇರುವ ನೀರನ್ನು ಉಳಿಸಿದರೆ ಎಲ್ಲಕ್ಕಿಂತ ಹೆಚ್ಚು ಲಾಭ. ಎರಡು, ಈಗಾಗಲೇ 8,000 ಲೀಟರಿನ ಒಳಗೆ ಬದುಕುವ ಬಡವರ ಮನೆ ಇನ್ನಷ್ಟು ಬಿಗಿಹಿಡಿದರೆ ನೀರಿನ ಬಿಲ್ಲಿನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಐದು ಮಂದಿಯ ಮನೆಗೆ 8,000 ಲೀಟರೆಂದರೆ ತಲೆಗೆ ದಿನಕ್ಕೆ ಸುಮಾರು 53 ಲೀಟರು. ಒಳಚರಂಡಿ ಇರುವ ನಗರಗಳಿಗೆ ಸರಕಾರದ ತಜ್ಞರೇ ಗೊತ್ತುಮಾಡಿದ ಅಳತೆ ತಲೆಗೆ 135 ಲೀಟರು. ಆದ್ದರಿಂದ ಎರಡು ಕೊಡದಲ್ಲಿ ಸ್ನಾನ, ಒಂದು ಕೊಡದಲ್ಲಿ ಅಡಿಗೆ ಮುಗಿಸುವ ತಾಯಿಗೆ "ನೀರು ಉಳಿಸವ್ವಾ" ಎಂದು ಉಪದೇಶ ಹೇಳಲು ನಾವು ಇಲ್ಲಿಗೆ ಬಂದಿಲ್ಲ. ಆಕೆ ನಮಗೆಲ್ಲ ಪಾಠ ಹೇಳಬಲ್ಲವಳು.

ಹಾಗಾದರೆ ಉಳಿತಾಯ ಎಲ್ಲಿಂದ ಶುರುವಾಗಬೇಕು? ಯಾರ ಉಪಯೋಗಕ್ಕೂ ಬಾರದೆ ಹೋಗುವ ನೀರಿನಿಂದ, ಅಂದರೆ ಸೋರಿಕೆಯಿಂದ ಶುರುವಾಗಬೇಕು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಕೂಡಿಡುವುದಕ್ಕೆ ಹೇಳುತ್ತೇವೆ. ಸೋರುವುದಕ್ಕೂ ಅದು ಅಷ್ಟೇ ನಿಜ.

ಈ ಹೊತ್ತು ಮನೆಗೆ ಹೋದಮೇಲೆ ಒಂದು ಪರೀಕ್ಷೆ ಮಾಡಿರಿ. ಸೋರುವ ನಳದ ಕೆಳಗೆ ಒಂದು ಲೀಟರಿನ ಪಾತ್ರೆ ಇಟ್ಟು ಗಡಿಯಾರ ನೋಡಿರಿ. ಹತ್ತು ಮಿನಿಟಿಗೆ ತುಂಬಿದರೆ ದಿನಕ್ಕೆ 144 ಲೀಟರು, ತಿಂಗಳಿಗೆ 4,320 ಲೀಟರು ಬಚ್ಚಲ ಪಾಲು. ಎರಡು ಮಿನಿಟಿಗೆ ತುಂಬಿದರೆ ತಿಂಗಳಿಗೆ 21,600 ಲೀಟರು. ಐದು ಮಂದಿ ತಲೆಗೆ 100 ಲೀಟರು ಧಾರಾಳವಾಗಿ ಬಳಸಿದರೂ ತಿಂಗಳಿಗೆ ಆಗುವುದು 15,000. ಅಂದರೆ ದಾರದಂಥ ಒಂದು ಸೋರಿಕೆ ಇಡೀ ಸಂಸಾರಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ, ಮತ್ತು ಅದೂ ಮೇಲಿನ ಹಂತದ ದರದಲ್ಲಿ ಕುಡಿಯುತ್ತದೆ. ಇದಕ್ಕೆ ಬೇಕಾದ ಔಷಧ ಬಹಳ ಸಲ ಒಂದು ರಬ್ಬರಿನ ವಾಷರು, ಅರ್ಧ ತಾಸಿನ ಕೆಲಸ. ಗಿರಣಿಯಲ್ಲಿ ಯಂತ್ರ ಬಿಚ್ಚಿ ಕೂಡಿಸುವ ಕೈಗೆ ಮನೆಯ ನಳ ಬಿಚ್ಚುವುದು ಭಾರವಲ್ಲ. ನೀರಿನ ಉಳಿತಾಯವೆಂದರೆ ಹೆಂಗಸರ ಕೆಲಸ ಎಂದು ತಿಳಿದ ಗಂಡಸರು ಈ ಭಾನುವಾರ ಸ್ಪ್ಯಾನರು ಹಿಡಿಯಲಿ.

ಕಾಣದ ಸೋರಿಕೆಯೂ ಉಂಟು. ಮೀಟರಿರುವವರು ರಾತ್ರಿ ಮಲಗುವಾಗ ಎಲ್ಲ ನಳ ಮುಚ್ಚಿ ಮೀಟರಿನ ಅಂಕಿ ಬರೆದಿಡಿರಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿರಿ. ಟಾಕಿ ತುಂಬಿ ನಿಂತಿದ್ದು, ಯಾರೂ ನೀರು ಬಳಸದಿದ್ದರೂ ಅಂಕಿ ಸರಿದಿದ್ದರೆ ನೀರು ಎಲ್ಲಿಗೋ ಹೋಗುತ್ತಿದೆ. ಪಾಯಖಾನೆಗೆ ಫ್ಲಶ್ ಡಬ್ಬಿ ಇದ್ದವರು ಅದರೊಳಗೆ ಅರಿವೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು ಕಾಲು ತಾಸು ಸುಮ್ಮನಿರಿ. ಯಾರೂ ಎಳೆಯದೆ ಕೆಳಗೆ ನೀಲಿ ಕಂಡರೆ ಡಬ್ಬಿ ಸೋರುತ್ತಿದೆಯೆಂದೇ ಅರ್ಥ. ಮೇಲಿನ ಟಾಕಿಯ ತೇಲುಚೆಂಡು ಕೆಟ್ಟು, ನೀರು ತುಂಬಿ ಗೋಡೆಗುಂಟ ಇಳಿಯುವುದನ್ನು ಓಣಿ ಓಣಿಯಲ್ಲಿ ನೋಡಬಹುದು. ಅಲ್ಲಿ ನೀರಿನ ಜೊತೆ ಪಂಪಿನ ವಿದ್ಯುತ್ತೂ ಇಳಿದು ಹೋಗುತ್ತದೆ.

ಸೋರಿಕೆ ನಿಂತ ಮೇಲೆ ರೂಢಿಗಳ ಕಡೆ ನೋಡೋಣ. ನಮ್ಮ ಊರಿನ ಒಂದು ರೂಢಿಯನ್ನು ಮೊದಲು ಹೇಳಬೇಕು. ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಕಂಡು ಬೆಳೆದ ಊರು ನಮ್ಮದು. ಹೊಸ ನೀರು ಬಂತೆಂದರೆ ಕೊಡ, ಬ್ಯಾರಲ್ಲು, ಹಂಡೆಗಳಲ್ಲಿದ್ದ ಹಳೆಯ ನೀರನ್ನೆಲ್ಲ ಚೆಲ್ಲಿ ಮತ್ತೆ ತುಂಬುವುದು ಮನೆಮನೆಯ ಪದ್ಧತಿ. ಆದರೆ ನೀರಸಾಗರದಲ್ಲಿ, ನವಿಲುತೀರ್ಥದಲ್ಲಿ ಅದೇ ನೀರು ತಿಂಗಳುಗಟ್ಟಲೆ ನಿಂತಿರುತ್ತದೆ. ನಮ್ಮ ಬ್ಯಾರಲ್ಲಿನಲ್ಲಿ ಐದು ದಿನಕ್ಕೆ ಅದು ಹಳತಾಗಿ ಕೆಡಬೇಕಾಗಿಲ್ಲ. ತೆರೆದಿಟ್ಟರೆ, ಹೊಲಸು ಕೈ ಅದ್ದಿದರೆ ಕೆಡುತ್ತದೆ. ಮುಚ್ಚಳ ಬಿಗಿಯಾಗಿರಲಿ, ತೋಡಿಕೊಳ್ಳಲು ಹಿಡಿಕೆಯ ಪಾತ್ರೆ ಇರಲಿ. ಉಳಿದ ನೀರು ಅರಿವೆಗೆ, ನೆಲಕ್ಕೆ, ಪಾಯಖಾನೆಗೆ ಹೋಗಲಿ. ಡೆಂಗಿ ಜ್ವರದ ಸೊಳ್ಳೆ ಮೊಟ್ಟೆ ಇಡುವುದು ಮನೆಯೊಳಗಿನ ತಿಳಿನೀರಿನಲ್ಲೇ. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆ ಬರಿದುಮಾಡಿ ತಿಕ್ಕಿ ತೊಳೆಯುವುದನ್ನು ಮಾತ್ರ ಬಿಡಬಾರದು. ನೀರು ಬರುವ ದಿನಕ್ಕೆ ಅದು ಬರಿದಾಗುವಂತೆ ಬಳಸಿದರೆ ಆರೋಗ್ಯವೂ ಉಳಿಯಿತು, ನೀರೂ ಉಳಿಯಿತು.

ಇದಕ್ಕೇ ಕೂಡಿದ ಇನ್ನೊಂದು ರೂಢಿ ನಳದ ತೋಟಿ ತೆರೆದೇ ಇಡುವುದು. ನೀರು ಬಂದರೆ ಸಪ್ಪಳ ಕೇಳಲೆಂದು ಹೀಗೆ ಮಾಡುತ್ತೇವೆ. ಆದರೆ ಬರಿದಾದ ಕೊಳವೆಯಲ್ಲಿ ನೀರಿಗಿಂತ ಮೊದಲು ಗಾಳಿ ನುಗ್ಗಿ ಬರುತ್ತದೆ. ಗಾಳಿಯೂ ಮೀಟರನ್ನು ತಿರುಗಿಸಬಲ್ಲದು. ತೋಟಿ ತೆರೆದಿಟ್ಟವನು ಗಾಳಿಗೂ ದುಡ್ಡು ಕೊಡಬೇಕಾದೀತು. ರಾತ್ರಿ ಪಾಳಿಗೆ ಹೋದವನ ಮನೆಯಲ್ಲಿ ಎಲ್ಲರೂ ಮಲಗಿದಾಗ ನೀರು ಬಂದು ಗಟಾರಿಗೆ ಹರಿದರೆ ಅದರ ಲೆಕ್ಕ ಬೇರೆ.

ಹಲ್ಲು ತಿಕ್ಕುವಾಗ, ಕ್ಷೌರ ಮಾಡಿಕೊಳ್ಳುವಾಗ ನಳ ಬಿಟ್ಟರೆ ಮೂರು ಮಿನಿಟಿಗೆ ಹದಿನೆಂಟು ಲೀಟರು ಸುಲಭವಾಗಿ ಹೋಗುತ್ತದೆ. ಒಂದು ತಂಬಿಗೆಯಲ್ಲಿ ಆ ಕೆಲಸ ಮುಗಿಯುತ್ತದೆ. ಐದು ಮಂದಿಯ ಮನೆಯಲ್ಲಿ ಇದೊಂದರಿಂದಲೇ ತಿಂಗಳಿಗೆ ಎರಡೂವರೆ ಸಾವಿರ ಲೀಟರು ಉಳಿಯುತ್ತದೆ. ಪಾತ್ರೆಯನ್ನು ಹರಿಯುವ ನೀರಿನಲ್ಲಿ ತೊಳೆಯದೆ, ನಮ್ಮ ಹಿರಿಯರಂತೆ ಎರಡು ಬೋಗುಣಿ ಇಟ್ಟು, ಒಂದರಲ್ಲಿ ತಿಕ್ಕಿ ಇನ್ನೊಂದರಲ್ಲಿ ಅದ್ದಿ ತೆಗೆಯಬಹುದು. ಅರಿವೆ ಹಿಂಡಿದ ಕೊನೆಯ ನೀರು ನೆಲ ಒರೆಸಲು, ಪಾಯಖಾನೆಗೆ ಸಾಕು. ಹಳೆಯ ಫ್ಲಶ್ ಡಬ್ಬಿ ಒಂದು ಸಲಕ್ಕೆ ಹತ್ತು ಲೀಟರು ಸುರಿಯುತ್ತದೆ. ಅದರೊಳಗೆ ನೀರು ತುಂಬಿದ ಲೀಟರಿನ ಬಾಟಲಿ ಇಟ್ಟರೆ ಪ್ರತಿ ಸಲ ಒಂದು ಲೀಟರು ಉಳಿಯುತ್ತದೆ. ಈಚೆಗೆ ಮನೆಮನೆಗೆ ಬಂದಿರುವ ಆರ್‌ಓ ಶುದ್ಧೀಕರಣ ಯಂತ್ರ ಒಂದು ಲೀಟರು ಕೊಡಲು ಎರಡು ಮೂರು ಲೀಟರು ಹೊರಹಾಕುತ್ತದೆ. ಆ ಕೊಳವೆಯನ್ನು ಗಟಾರಿಗೆ ಬಿಡದೆ ಬಕೆಟ್ಟಿಗೆ ಬಿಡಿರಿ, ಪಾತ್ರೆ ತೊಳೆಯಲು ಆದೀತು.

ಮಿತ್ರರೇ, ನೀರಿನ ಬಿಲ್ಲು ಒಂದೇ ಕಾಗದದಲ್ಲಿ ಬರುವುದಿಲ್ಲ. ಅರ್ಧ ಬಿಲ್ಲು ಹೆಸ್ಕಾಂ ಕಾಗದದಲ್ಲಿ, ಗ್ಯಾಸಿನ ಸಿಲಿಂಡರಿನಲ್ಲಿ ಅಡಗಿರುತ್ತದೆ. ಇಪ್ಪತ್ತು ಲೀಟರು ನೀರನ್ನು ಇಪ್ಪತ್ತು ಡಿಗ್ರಿ ಬಿಸಿಮಾಡಲು ಹೆಚ್ಚುಕಡಿಮೆ ಅರ್ಧ ಯುನಿಟ್ ವಿದ್ಯುತ್ತು ಬೇಕು. ಐದು ಮಂದಿ ಬಿಸಿನೀರನ್ನು ತಲೆಗೆ ಐದೈದು ಲೀಟರು ಕಡಿಮೆ ಬಳಸಿದರೆ ತಿಂಗಳಿಗೆ ಹದಿನೇಳು ಯುನಿಟ್ ಉಳಿಯುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತನ್ನು ಕೂಡಿಸಿ ಉಚಿತದ ಮಿತಿ ಕಟ್ಟಿದರು. 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು. ಆ ಗಡಿಯ ಹತ್ತಿರ ಇರುವ ಮನೆಗೆ ಹದಿನೇಳು ಯುನಿಟ್ ಸಣ್ಣ ಮಾತಲ್ಲ. ಮೀಟರಿಲ್ಲದೆ ತಿಂಗಳಿಗೆ ಇಷ್ಟೆಂದು ಗೊತ್ತಾದ ಮೊತ್ತ ಕಟ್ಟುವ ಮನೆಗಳಲ್ಲಿ ನೀರಿನ ಬಿಲ್ಲು ಇಳಿಯದಿದ್ದರೂ ಈ ಉಳಿತಾಯ ಆಗಿಯೇ ಆಗುತ್ತದೆ. ಟ್ಯಾಂಕರು ತರಿಸುವ ದಿನ ಒಂದು ವಾರ ಮುಂದೆ ಹೋದರೂ ಅದು ಗಳಿಕೆಯೇ.

ಮಳೆಯನ್ನೂ ಮರೆಯತಕ್ಕದ್ದಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು. ಐವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸಾವಿರದ ಇನ್ನೂರೆಪ್ಪತ್ತು ಲೀಟರು. ಮೊದಲ ಮಳೆಯ ಕೊಳೆ ಬಿಟ್ಟು, ದೋಣಿಗೆ ಅರಿವೆ ಕಟ್ಟಿ ಬ್ಯಾರಲ್ಲಿಗೆ ಹಿಡಿದರೆ ಅರಿವೆ, ಪಾತ್ರೆ, ಗಿಡಗಳ ಕೆಲಸ ನಡೆಯುತ್ತದೆ.

ಅಂಗಡಿಕಾರ ಮಿತ್ರರಿಗೆ ಒಂದು ಮಾತು. ನಿಮ್ಮ ನೀರಿಗೆ ಮನೆಗಿಂತ ಹೆಚ್ಚಿನ ದರ. ಖಾನಾವಳಿಯಲ್ಲಿ, ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ನಳ ದಿನವೆಲ್ಲ ಹರಿಯುತ್ತದೆ. ನಳದ ಬಾಯಿಗೆ ಕೂಡಿಸುವ, ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ಕಡಿಮೆ ಮಾಡುವ ಸಣ್ಣ ಜಾಳಿಗೆ ಪೇಟೆಯಲ್ಲಿ ಸಿಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ವ್ಯಾಪಾರದ ಕಟ್ಟಡಗಳಿಗೆ ಇದನ್ನು ಕಡ್ಡಾಯವೇ ಮಾಡಿತು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ಹೇಳಿತು. ನಾವು ದಂಡದ ಕಾಲ ಬರುವ ತನಕ ಕಾಯಬೇಕಾಗಿಲ್ಲ.

ಇಷ್ಟು ನಮ್ಮ ಕೈಯೊಳಗಿನ ಮಾತು. ಇನ್ನು ನಮ್ಮೊಬ್ಬರ ಕೈ ಮೀರಿದ್ದನ್ನು ಹೇಳಬೇಕು. ಇಲ್ಲವಾದರೆ ಈ ಭಾಷಣ ಅರ್ಧಸತ್ಯವಾದೀತು.

ಚಾಳಿನಲ್ಲಿ ಆರು ಮನೆಗೆ ಒಂದೇ ನಳ, ಒಂದೇ ಮೀಟರು ಇದೆ ಎಂದಿಟ್ಟುಕೊಳ್ಳಿ. ಮನೆಗೆ ಐದು ಮಂದಿ, ತಲೆಗೆ 60 ಲೀಟರು. ಒಂದೊಂದು ಮನೆಯ ಬಳಕೆ ತಿಂಗಳಿಗೆ 9,000 ಲೀಟರು ಮಾತ್ರ. ಬೇರೆ ಬೇರೆ ಮೀಟರಿದ್ದರೆ ಎಲ್ಲರೂ ಕೆಳಗಿನ ಹಂತಗಳಲ್ಲೇ ಇರುತ್ತಿದ್ದರು. ಆದರೆ ಮನೆಗಳ ಸಂಖ್ಯೆ ನೋಡದೆ ಒಂದೇ ಬಿಲ್ಲು ಮಾಡಿದರೆ ಒಟ್ಟು 54,000 ಲೀಟರು. ಅದರಲ್ಲಿ 29,000 ಲೀಟರಿಗೆ, ಅರ್ಧಕ್ಕೂ ಮೇಲೆ, ಎಲ್ಲಕ್ಕಿಂತ ಎತ್ತರದ ದರ! ಅತ್ತ ಬಂಗಲೆಯಲ್ಲಿ ನಾಲ್ಕು ಮಂದಿ ತಲೆಗೆ 200 ಲೀಟರು ಸುರಿದುಕೊಂಡರೂ 24,000 ಲೀಟರು. ಮೇಲಿನ ಹಂತವನ್ನು ಅವರು ಮುಟ್ಟುವುದೇ ಇಲ್ಲ. ಹೆಚ್ಚು ಬಳಸಿದವನು ಹೆಚ್ಚು ಕೊಡಲಿ ಎಂದು ಮಾಡಿದ ನ್ಯಾಯವಾದ ನಿಯಮ ಹೀಗೆ ತಲೆಕೆಳಗಾಗಿ ಕಡಿಮೆ ಬಳಸಿದವನ ಮೇಲೆ ಬೀಳುತ್ತದೆ. ಎಷ್ಟು ಹನಿ ಉಳಿಸಿದರೂ ಇದು ನೆಟ್ಟಗಾಗದು. ಮನೆಗೊಂದು ಜೋಡಣೆ, ಇಲ್ಲವೆ ಮನೆಗಳ ಎಣಿಕೆಯ ಮೇಲೆ ಹಂತ ಕಟ್ಟುವುದು, ಇದೊಂದೇ ದಾರಿ. ಅದನ್ನು ಕೇಳುವುದು ಭಿಕ್ಷೆಯಲ್ಲ. ಚಾಳಿನ ಮಾಲೀಕರು ನೀರಿನ ಪಾಲು ಕೇಳಿದಾಗ, "ಬಿಲ್ಲಿನ ಕಾಗದ ತೋರಿಸಿರಿ" ಎಂದು ಎಲ್ಲ ಮನೆಯವರೂ ಕೂಡಿ ಕೇಳಿರಿ. ಒಬ್ಬರೇ ಕೇಳಿದರೆ ಜಗಳ. ಆರೂ ಮನೆಯವರು ಕೇಳಿದರೆ ಲೆಕ್ಕ.

ಎರಡನೆಯದು, ರಸ್ತೆಯೊಳಗಿನ ಸೋರಿಕೆ. ನಮ್ಮ ದೇಶದ ಅನೇಕ ನಗರಗಳಲ್ಲಿ ಶುದ್ಧ ಮಾಡಿ ಬಿಟ್ಟ ನೀರಿನಲ್ಲಿ ಮೂರರಲ್ಲೊಂದು ಪಾಲು, ಕೆಲವೆಡೆ ಇನ್ನೂ ಹೆಚ್ಚು, ಮನೆ ಮುಟ್ಟುವ ಮೊದಲೇ ಸೋರಿ ಅಥವಾ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಅದನ್ನು ಎತ್ತಿದ ಖರ್ಚು, ಶುದ್ಧಮಾಡಿದ ಖರ್ಚು ಮಾತ್ರ ಲೆಕ್ಕಕ್ಕೆ ಸಿಗುತ್ತದೆ! ಮನೆಯ ವಾಷರು ನಮ್ಮ ಹೊಣೆಯಾದರೆ ಬೀದಿಯ ಕೊಳವೆ ನೀರು ಕೊಡುವವರ ಹೊಣೆ. ದರ ಏರಿಸುವ ಮಾತು ಬಂದಾಗ, ಎಷ್ಟು ನೀರು ಎತ್ತಿದಿರಿ, ಎಷ್ಟು ಮನೆ ಮುಟ್ಟಿತು ಎಂಬ ಲೆಕ್ಕವನ್ನು ವಾರ್ಡು ವಾರ್ಡಾಗಿ ಮೊದಲು ಮುಂದಿಡಲಿ. ನಾವು ರಾತ್ರಿ ಎದ್ದು ಮೀಟರು ನೋಡುವವರಾದರೆ ಅವರೂ ತಮ್ಮ ಮೀಟರು ನೋಡಲಿ.

ದೂರದ ಒಂದು ಉದಾಹರಣೆ ಹೇಳುತ್ತೇವೆ. ದಕ್ಷಿಣ ಆಫ್ರಿಕೆಯ ಕೇಪ್‌ಟೌನ್ ನಗರದಲ್ಲಿ ಸತತ ಬರ ಬಂದು, 2018ರ ಫೆಬ್ರುವರಿಯಿಂದ ತಲೆಗೆ ದಿನಕ್ಕೆ 50 ಲೀಟರೆಂದು ಮಿತಿ ಹಾಕಿದರು. ನಳಗಳೇ ನಿಂತುಹೋಗುವ ದಿನ ಬಂತೆಂದು ಊರು ನಡುಗಿತು. ಜನ ಬಳಕೆಯನ್ನು ಇಳಿಸಿದರು, ಆ ದಿನ ಬಾರದೆ ಉಳಿಯಿತು. ಆದರೆ ಆ ಊರಿನ ಗುಡಿಸಲ ಬಸ್ತಿಗಳ ಜನ ಸಾಮೂಹಿಕ ನಳದ ಮುಂದೆ ಬಕೆಟ್ಟು ಹಿಡಿದು ಸರದಿ ನಿಲ್ಲುವುದು ಬರಕ್ಕಿಂತ ಮೊದಲೂ ಇತ್ತು, ಆಮೇಲೂ ಇತ್ತು. ಎಲ್ಲರೂ ಕೂಡಿ ಉಳಿಸಿದರೆ ಊರು ಉಳಿಯುತ್ತದೆ ಎಂಬುದು ಅಲ್ಲಿಯ ಮೊದಲ ಪಾಠ. ಉಳಿದ ನೀರು ಯಾರಿಗೆ ಮುಟ್ಟಿತು ಎಂದು ಕೇಳಬೇಕು ಎಂಬುದು ಎರಡನೆಯ ಪಾಠ.

ಆದ್ದರಿಂದ ಓಣಿಗೊಂದು ವಹಿ ಇಡಿರಿ ಎಂಬುದು ನಮ್ಮ ಸೂಚನೆ. ಭಾನುವಾರಕ್ಕೊಮ್ಮೆ ಮನೆಮನೆಯ ಮೀಟರಿನ ಅಂಕಿ ಅದರಲ್ಲಿ ಬರೆಯಿರಿ. ಸೋರುವ ಮನೆಯ ನಳವನ್ನು ಬಲ್ಲವರು ಹೋಗಿ ರಿಪೇರಿ ಮಾಡಿಕೊಡಲಿ. ಬೀದಿಯಲ್ಲಿ ಎಲ್ಲಿ ಕೊಳವೆ ಒಡೆದಿದೆ, ಯಾವ ದಿನ ತಕರಾರು ಕೊಟ್ಟಿರಿ, ಯಾವ ದಿನ ದುರಸ್ತಿಯಾಯಿತು ಎಂಬುದನ್ನೂ ಬರೆಯಿರಿ. ಮೂರು ತಿಂಗಳ ವಹಿ ಕೈಯಲ್ಲಿದ್ದರೆ ವಾರ್ಡಿನ ಸದಸ್ಯರ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ. ಬರಿಯ ಕೂಗಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಬಹುದು. ಅಂಕಿಗೆ ಅಂಕಿಯಲ್ಲೇ ಉತ್ತರ ಕೊಡಬೇಕಾಗುತ್ತದೆ.

ದುಡಿದು ತಂದ ಕೂಲಿಯಲ್ಲಿ ಒಂದು ರೂಪಾಯಿಯೂ ಬಚ್ಚಲಿಗೆ ಹರಿಯಬಾರದು. ಉಳಿದ ರೂಪಾಯಿ ಮಕ್ಕಳ ಹಾಲಿಗೆ, ಪುಸ್ತಕಕ್ಕೆ ಹೋಗಲಿ. ವಹಿ ಹಿಡಿಯುವವರು ಯಾರೆಂಬುದನ್ನು ಈ ಸಭೆ ಮುಗಿಯುವ ಮೊದಲೇ, ಓಣಿಗೊಬ್ಬರಂತೆ ಗೊತ್ತುಮಾಡಿಕೊಂಡು ಏಳೋಣ. ಆ ಹೆಸರುಗಳಲ್ಲಿ ಅರ್ಧವಾದರೂ ತಾಯಂದಿರವಾಗಿರಲಿ. ನೀರಿನ ಲೆಕ್ಕವನ್ನು ಇಷ್ಟು ದಿನ ತಲೆಯಲ್ಲೇ ಇಟ್ಟುಕೊಂಡು ಬಂದವರು ಅವರೇ.